ಕಿನ್ನಿಗೆ ಬಂದ ಜ್ವರ

ವೆಂಕಟಲಕ್ಷ್ಮಿ ಟೀಚರಿಗೆ ಎಡ ಎದೆಯಲ್ಲಿ ಗಂಟು ಸಿಕ್ಕಿದ್ದು ನವೆಂಬರಿನಲ್ಲಿ. ಬೆಳ್ಳೂರಿನ ಕಿನ್ನಿಗೆ ಸಿಕ್ಕಿದ್ದು ಬಲ ಎದೆಯಲ್ಲಿ, ಹೆಚ್ಚುಕಡಿಮೆ ಅದೇ ವಾರ. ಇಬ್ಬರಿಗೂ ಮಂಗಳೂರಿನ ಒಂದೇ ಆಸ್ಪತ್ರೆ, ಒಬ್ಬರೇ ಡಾಕ್ಟರು, ಒಂದೇ ಮದ್ದು. ಮೊದಲು ಕಿಮೋ ಕೊಡೋಣ, ಗಂಟು ಕರಗಿದಷ್ಟು ಕರಗಲಿ, ಆಪರೇಷನ್ ಆಮೇಲೆ ಎಂದು ಡಾಕ್ಟರಮ್ಮ ಇಬ್ಬರಿಗೂ ಹೇಳಿದ್ದರು. ಮೂರು ವಾರಕ್ಕೊಮ್ಮೆಯಂತೆ ನಾಲ್ಕು ಸಲ ನರಕ್ಕೆ ಏರಿಸುವ ಕೆಂಪು ಮದ್ದು. ಅದು ಮುಗಿದ ಮೇಲೆ ಸ್ಕ್ಯಾನ್. ಅಲ್ಲಿಯವರೆಗೆ ಮದ್ದು ಹಿಡಿಯಿತೋ ಇಲ್ಲವೋ ಎಂದು ಯಾರೂ ಹೇಳುವ ಹಾಗಿಲ್ಲ.

ಇವರಿಬ್ಬರನ್ನು ಜೊತೆಗೂಡಿಸಿದ್ದು ಪೆರ್ಲ ಪೇಟೆಯಲ್ಲಿ ಬಾಡಿಗೆ ಕಾರು ಓಡಿಸುವ ವಾಸಪ್ಪ. "ಒಂದೇ ದಿನ, ಒಂದೇ ಜಾಗಕ್ಕೆ ಹೋಗುವುದು, ಎರಡು ಕಾರು ಎಂತಕ್ಕೆ?" ಎಂದು ಅವನೇ ಮಾತಾಡಿ ಒಪ್ಪಿಸಿದ. ವೆಂಕಟಲಕ್ಷ್ಮಿಗೆ ಮನಸ್ಸಿರಲಿಲ್ಲ. ಇಪ್ಪತ್ತಾರು ವರ್ಷ ಕನ್ನಡ ಪಾಠ ಮಾಡಿದ ಅವಳಿಗೆ ತನ್ನ ಕಾಯಿಲೆ ಊರಿನವರ ಬಾಯಿಗೆ ಬೀಳುವುದು ಬೇಡವಿತ್ತು. ಕಿನ್ನಿಯನ್ನು ಅವಳು ನೋಡಿ ಬಲ್ಲಳು. ಪೆರ್ಲ ಬಸ್‌ಸ್ಟ್ಯಾಂಡಿನ ಎದುರಿನ ಮಹಡಿಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟವಳು, ಕೆಳಗೆ ಹೋಗುವವರನ್ನು ಕಿಟಕಿಯಿಂದಲೇ ಕರೆದು ಮಾತಾಡಿಸುವವಳು. ಮೊದಲ ದಿನ ಕಾರು ಹತ್ತಿದವಳೇ ಬಸ್ಸಿನ ಸೀಟಿನ ವಿಷಯ ಹೇಳುವ ಹಾಗೆ ಹೇಳಿದಳು: "ಟೀಚರೇ, ನಿಮ್ಮದು ಎಡಬದಿ ಅಲ್ವಾ? ನನ್ನದು ಬಲಬದಿ."

ವೆಂಕಟಲಕ್ಷ್ಮಿ ಕಿಟಕಿಯ ಕಡೆ ತಿರುಗಿ ಕೂತಳು.

ಆ ದಿನ ಹಿಂದೆ ಬರುವಾಗ ಕುಂಬಳೆ ತಲುಪುವ ಮೊದಲೇ ಅವಳಿಗೆ ಹೊಟ್ಟೆ ತೊಳಸಿತು. ವಾಸಪ್ಪ ಕಾರು ಬದಿಗೆ ಹಾಕಿದ. ರಸ್ತೆಯ ಬದಿಯಲ್ಲಿ ಬಗ್ಗಿದವಳ ಹಣೆಯನ್ನು ಕಿನ್ನಿ ಒತ್ತಿ ಹಿಡಿದಳು, ಬಾಯಿ ತೊಳೆಯಲು ನೀರು ಕೊಟ್ಟಳು, ಸೀಟಿಗೆ ಒರಗಿಸಿದಳು. ಅದೆಲ್ಲ ಆದಮೇಲೆ ಕುಂಬಳೆ ಪೇಟೆಯಲ್ಲಿ ಹೋಟೆಲು ಕಂಡದ್ದೇ, "ವಾಸಪ್ಪಣ್ಣ, ಆ ಹೋಟೆಲಿನಲ್ಲಿ ಗೋಳಿಬಜೆ ಬಿಸಿ ಉಂಟಾ ನೋಡಿ ಬನ್ನಿ" ಎಂದಳು. ಕುಂಬಳೆಯಿಂದ ಅನಂತಪುರದ ತಿರುವಿನವರೆಗೆ ಅವಳು ಗೋಳಿಬಜೆ ತಿಂದಳು. ಎಣ್ಣೆಯ ವಾಸನೆಗೆ ವೆಂಕಟಲಕ್ಷ್ಮಿ ಸೆರಗನ್ನು ಮೂಗಿಗೆ ಹಿಡಿದುಕೊಂಡು, ನಾಳೆ ಇವಳಿಗೂ ಶುರುವಾಗುತ್ತದೆ, ಆಗ ಗೊತ್ತಾಗುತ್ತದೆ ಎಂದುಕೊಂಡಳು.

ನಾಳೆಯೂ ಶುರುವಾಗಲಿಲ್ಲ, ನಾಡಿದ್ದೂ ಆಗಲಿಲ್ಲ.

ವೆಂಕಟಲಕ್ಷ್ಮಿಗೆ ಮಾತ್ರ ಯಾವುದೂ ತಪ್ಪಲಿಲ್ಲ. ಬಾಯಿಯೊಳಗೆ ಹುಣ್ಣು ಎದ್ದು, ತಣ್ಣಗಿನ ಗಂಜಿ ಕೂಡ ಉಪ್ಪುಕಾಗದ ತಿಕ್ಕಿದ ಹಾಗೆ ಇಳಿಯುತ್ತಿತ್ತು. ನಾಲಿಗೆಗೆ ಎಲ್ಲವೂ ತಾಮ್ರದ ರುಚಿ. ಜನವರಿಯ ಕೊನೆಗೆ ಗುಡ್ಡದ ಗೇರುಮರಗಳೆಲ್ಲ ಹೂಬಿಟ್ಟಿದ್ದವು. ಚಿಕ್ಕಂದಿನಿಂದ ಇಷ್ಟಪಟ್ಟ ಆ ವಾಸನೆಗೆ ಈಗ ಕರುಳು ಮೇಲೆ ಬಂದ ಹಾಗಾಗಿ ಹಗಲೆಲ್ಲ ಕಿಟಕಿ ಮುಚ್ಚಿಸಿ ಮಲಗುತ್ತಿದ್ದಳು. ಅಂಗಾಲು ಉರಿಯುತ್ತಿತ್ತು. ಮೂರನೆಯ ದಿನ ಮಗಳು ದೀಪ್ತಿ ಕಾಸರಗೋಡಿನ ಕಾಲೇಜಿನಿಂದ ಬಂದವಳು ಬ್ಯಾಗು ಇಳಿಸುತ್ತ ಹೇಳಿದಳು: "ಅಮ್ಮಾ, ಆ ಕಿನ್ನಿಯಕ್ಕ ಅಂಗಡಿಯಲ್ಲಿ ಹೊಲೀತಾ ಇದ್ದಾರೆ. ಬಸ್ಸಿನಿಂದ ಇಳಿಯುವಾಗಲೇ ಕರೆದು, ಟೀಚರಿಗೆ ಹೇಗುಂಟು ಅಂತ ಕೇಳಿದ್ರು."

"ಹೊಲೀತಾ ಇದ್ದಾಳಾ?"

"ಹೌದು. ಯಾರದ್ದೋ ಮದುವೆ ಬ್ಲೌಸಂತೆ."

ವೆಂಕಟಲಕ್ಷ್ಮಿ ಗೋಡೆಗೆ ಮುಖ ಮಾಡಿದಳು. ನೀರು ಕುದಿಸಿ ಆರಿಸಿ ಕುಡಿಯುವವಳು ತಾನು. ಸೊಪ್ಪನ್ನು ಮೂರು ನೀರಿನಲ್ಲಿ ತೊಳೆಸುವವಳು ತಾನು. ಆಸ್ಪತ್ರೆಯಲ್ಲಿ ಕೊಟ್ಟ ಸೂಚನೆಯ ಹಾಳೆಯನ್ನು ಸಾಲು ಸಾಲು ಓದಿ, ಗೆರೆ ಎಳೆದು, ಫ್ರಿಜ್ಜಿಗೆ ಅಂಟಿಸಿದವಳೂ ತಾನೇ. ಆ ಹೆಂಗಸು ಹಾಳೆಯನ್ನು ಮಡಚಿ ಪರ್ಸಿಗೆ ತುರುಕಿದ್ದನ್ನು ಕಣ್ಣಾರೆ ನೋಡಿದ್ದಳು. ಇಷ್ಟು ವರ್ಷ ಮಕ್ಕಳಿಗೆ, ಓದಿದವರಿಗೆ ಮಾರ್ಕು ಬಂದೇ ಬರುತ್ತದೆ ಎಂದು ಹೇಳಿಕೊಂಡು ಬಂದವಳಿಗೆ ಇದು ಯಾವ ಪರೀಕ್ಷೆ ಎಂದೇ ತಿಳಿಯಲಿಲ್ಲ.

ಹದಿನಾರನೆಯ ದಿನ ಬಚ್ಚಲಲ್ಲಿ ಕೂದಲು ಹಿಡಿಹಿಡಿಯಾಗಿ ಬಂತು. ಅತ್ತಳು, ಅಳುತ್ತಲೇ ಫೋನು ತೆಗೆದು ಕಿನ್ನಿಗೆ ಮಾಡಿದಳು. ಅವಳಾಗಿ ಮಾಡಿದ ಮೊದಲ ಫೋನು ಅದು. "ನನ್ನದೂ ಹೋಯ್ತು ಟೀಚರೇ, ನಿನ್ನೆ ಅಕ್ಕ ಪೂರ್ತಿ ಬೋಳಿಸಿಯೇ ಬಿಟ್ಟಳು" ಎಂದಳು ಕಿನ್ನಿ. ವೆಂಕಟಲಕ್ಷ್ಮಿಗೆ ಎದೆಯ ಮೇಲಿನ ಭಾರ ಒಂದು ಬೆರಳಿನಷ್ಟು ಇಳಿಯಿತು. ಆ ರಾತ್ರಿ ಅವಳು ಎರಡು ದೋಸೆ ತಿಂದಳು.

ಆದರೆ ಎರಡನೆಯ ಸಲಕ್ಕೆ ಹೊರಟ ದಿನ ಕಾರಿನಲ್ಲಿ ಕಿನ್ನಿ ತಲೆಯ ಬಟ್ಟೆ ತೆಗೆದು ಗಾಳಿಗೆ ಒಡ್ಡಿ ಕೂತಿದ್ದಳು. ಉರುಟು ತಲೆ ಅವಳಿಗೆ ಒಪ್ಪುತ್ತಿತ್ತು. ಶಾರ್ಜಾದಲ್ಲಿ ಕೆಲಸ ಮಾಡುವ ಅವಳ ಗಂಡ ಜಿತೇಂದ್ರ ವೀಡಿಯೊ ಕಾಲ್ ಮಾಡಿದ. ತಲೆ ನೋಡಿ ಗೊಳ್ಳೆಂದು ನಕ್ಕ. ಮದುವೆಗೇ ಹೀಗೆ ಬಂದಿದ್ದರೆ ಮಲ್ಲಿಗೆಯ ಖರ್ಚು ಉಳಿಯುತ್ತಿತ್ತು ಎಂದ. ಅವಳೂ ನಕ್ಕಳು. ವೆಂಕಟಲಕ್ಷ್ಮಿಯ ಗಂಡ ಶಿವಸುಬ್ರಹ್ಮಣ್ಯ ಒಳ್ಳೆಯ ಮನುಷ್ಯ. ಬ್ಯಾಂಕಿನಿಂದ ಬಂದು ಅಡುಗೆ ಮಾಡುತ್ತಿದ್ದ, ವಾಂತಿಯ ಬೇಸಿನ್ ತೊಳೆಯುತ್ತಿದ್ದ. ಆದರೆ ಅವಳ ತಲೆಯ ಕಡೆ ನೋಡುತ್ತಿರಲಿಲ್ಲ. ಮಾತಾಡುವಾಗ ಕಣ್ಣು ಅವಳ ಭುಜದ ಹತ್ತಿರ ಎಲ್ಲೋ ನಿಲ್ಲುತ್ತಿತ್ತು. ಬ್ಲೌಸಿನ ಲೈನಿಂಗ್ ಬಟ್ಟೆಯಲ್ಲಿ ಹೊಲಿದ ಟೊಪ್ಪಿಯೊಂದನ್ನು ಕಿನ್ನಿ ಅಂದು ಅವಳಿಗೆ ಕೊಟ್ಟಳು. ಮೆತ್ತಗೆ, ಒಳಗೆ ಹೊಲಿಗೆ ತಾಗದ ಹಾಗಿತ್ತು. ವೆಂಕಟಲಕ್ಷ್ಮಿ ಥ್ಯಾಂಕ್ಸ್ ಹೇಳಿ ಇಟ್ಟುಕೊಂಡಳು, ಒಮ್ಮೆಯೂ ಹಾಕಲಿಲ್ಲ.

ಎರಡನೆಯದ್ದು ಮೊದಲನೆಯದ್ದಕ್ಕಿಂತ ಕೆಟ್ಟದಾಗಿ ಹೋಯಿತು. ಒಂದು ದಿನ ಅವಳು ಬಚ್ಚಲ ನೆಲದಲ್ಲೇ ಕೂತುಬಿಟ್ಟಾಗ ಎಬ್ಬಿಸುತ್ತ ಶಿವಸುಬ್ರಹ್ಮಣ್ಯ ಹೇಳಿದ: "ಮದ್ದು ಸರಿಯಾಗಿ ಹಿಡಿದವರಿಗೇ ಹೀಗೆಲ್ಲ ಆಗುವುದಂತೆ ಲಕ್ಷ್ಮಿ. ಬ್ಯಾಂಕಿನಲ್ಲಿ ಒಬ್ಬರು ಹೇಳಿದ್ರು."

"ಹೌದಾ?"

"ಹೌದಂತೆ. ಒಳಗೆ ಯುದ್ಧ ಆಗ್ತಾ ಉಂಟು ಅಂತ ಅರ್ಥ."

ಸಮಾಧಾನಕ್ಕೆ ಹೇಳಿದ ಮಾತು ಎಂದು ಅವಳಿಗೆ ಗೊತ್ತಿತ್ತು. ಆದರೂ ಅದನ್ನು ಹಿಡಿದುಕೊಂಡಳು. ವಾಂತಿ ಬಂದಾಗಲೆಲ್ಲ, ಇಷ್ಟು ಸತ್ತಿತು, ಇನ್ನಿಷ್ಟು ಸತ್ತಿತು ಎಂದು ಲೆಕ್ಕ ಹಾಕುವಳು. ಕಿನ್ನಿಯ ಒಳಗೆ ಏನೂ ಸಾಯುತ್ತಿಲ್ಲ ಎಂಬುದು ಆ ಲೆಕ್ಕದ ಇನ್ನೊಂದು ಬದಿ. ಅದನ್ನು ಅವಳು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ.

ಮೂರನೆಯ ಸಲ ಹೋದಾಗ ರಕ್ತಪರೀಕ್ಷೆಯಲ್ಲಿ ಅವಳ ಬಿಳಿ ರಕ್ತಕಣ ತೀರಾ ಕಡಿಮೆ ಬಂತು. ಇವತ್ತು ಕೊಡಲಿಕ್ಕಾಗುವುದಿಲ್ಲ, ಇಂಜೆಕ್ಷನ್ ತಗೊಂಡು ಮುಂದಿನ ಸೋಮವಾರ ಬನ್ನಿ ಎಂದರು ಡಾಕ್ಟರಮ್ಮ. ಕಿನ್ನಿಯ ರಿಪೋರ್ಟು ಸರಿಯಾಗಿತ್ತು. ಅವಳು ಒಳಗೆ ಹೋದಳು. ವೆಂಕಟಲಕ್ಷ್ಮಿ ಹೊರಗಿನ ಬೆಂಚಿನಲ್ಲಿ ಮೂರೂವರೆ ಗಂಟೆ ಕಾದಳು. ಕ್ಲಾಸಿನಲ್ಲಿ ಫೇಲಾದವಳ ಹಾಗೆ, ಒಳಗಿನಿಂದ ಕೇಳಿಬರುತ್ತಿದ್ದ ಕಿನ್ನಿಯ ಮಾತನ್ನೂ ಸಿಸ್ಟರುಗಳ ನಗುವನ್ನೂ ಕೇಳುತ್ತ ಕೂತಿದ್ದಳು.

ತಲಪಾಡಿ ದಾಟಿದ ಮೇಲೆ ಕಿನ್ನಿ ಹೇಳಿದಳು: "ಈ ಸಲವೂ ನನಗೆ ಎಂತದೂ ಗೊತ್ತಾಗ್ಲಿಲ್ಲ ಟೀಚರೇ. ನೀರು ಹೋದ ಹಾಗೆ ಹೋಯ್ತು. ನಿಮ್ಮದು ಒಂದು ವಾರ ಮುಂದೆ ಹೋಯ್ತಲ್ಲ, ಪಾಪ."

ಆ ಪಾಪ ಎಂಬ ಮಾತು ವೆಂಕಟಲಕ್ಷ್ಮಿಗೆ ನಾಟಿತು.

"ಕಿನ್ನೀ, ನಿನಗೊಂದು ಹೇಳ್ಬೇಕು ಅಂತ ಇದ್ದೆ" ಎಂದಳು, ತರಗತಿಯಲ್ಲಿ ಮಾತಾಡುವ ಮೆಲ್ಲನೆಯ ದನಿಯಲ್ಲಿ. "ಕಷ್ಟ ಆಗುವುದು ಮದ್ದು ಹಿಡಿದವರಿಗಂತೆ. ಯಾರಿಗೆ ಎಂತದೂ ಆಗುವುದಿಲ್ವೋ, ಅವರಿಗೆ ಮದ್ದು ಕೆಲಸವೇ ಮಾಡ್ಲಿಲ್ಲ ಅಂತ ಅರ್ಥವಂತೆ."

ಕಿನ್ನಿ ತಿರುಗಿ ನೋಡಿದಳು. "ಯಾರು ಹೇಳಿದ್ದು?"

"ಓದಿದ್ದೇನೆ" ಎಂದಳು ವೆಂಕಟಲಕ್ಷ್ಮಿ. ಓದಿರಲಿಲ್ಲ.

"ಡಾಕ್ಟರಮ್ಮ ಹಾಗೆ ಹೇಳ್ಲಿಲ್ಲ ಅಲ್ವಾ?"

"ಅವರು ಹೇಗೆ ಹೇಳ್ತಾರೆ? ಧೈರ್ಯ ಹೋಗ್ತದಲ್ಲ."

ಕುಂಬಳೆಯಲ್ಲಿ ವಾಸಪ್ಪ ತಾನಾಗಿಯೇ ಹೋಟೆಲಿನ ಎದುರು ನಿಧಾನ ಮಾಡಿದ. ಬೇಡ, ಹೋಗುವ ಎಂದಳು ಕಿನ್ನಿ. ಪೆರ್ಲದಲ್ಲಿ ಇಳಿದವಳು ಅಂಗಡಿಯ ಮೆಟ್ಟಿಲು ಹತ್ತದೆ ಬೆಳ್ಳೂರಿನ ಬಸ್ಸಿಗೆ ಹೋಗಿ ನಿಂತಳು. ಅದನ್ನು ನೋಡಿ ವೆಂಕಟಲಕ್ಷ್ಮಿಗೆ ಹೊಟ್ಟೆಯಲ್ಲಿ ಬೆಚ್ಚಗಾಯಿತು. ಆ ಎರಡು ತಿಂಗಳಲ್ಲಿ ಅಷ್ಟು ಹಾಯಾಗಿ ಅವಳು ಯಾವತ್ತೂ ಮನೆಗೆ ಬಂದಿರಲಿಲ್ಲ.

ಮುಂದಿನ ಸೋಮವಾರ ಒಬ್ಬಳೇ ಹೋಗಿ ಮೂರನೆಯ ಮದ್ದು ತೆಗೆದುಕೊಂಡು ಬಂದಳು. ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ, ಬೇಸಿನ್ ಪಕ್ಕದಲ್ಲಿಟ್ಟು ಮಲಗಿದ್ದಾಗ ಫೋನು ಬಂತು.

"ಟೀಚರೇ, ನನಗೂ ಬಂತು!" ಕಿನ್ನಿಯ ದನಿ ಒಣಗಿತ್ತು, ಆದರೆ ಅದರಲ್ಲಿ ಸಂಭ್ರಮ ತುಂಬಿತ್ತು. "ನಿನ್ನೆಯಿಂದ ಜ್ವರ. ಎಂಥ ಜ್ವರ ಗೊತ್ತುಂಟಾ! ಮೈಯೆಲ್ಲ ನಡುಗ್ತದೆ, ಏಳ್ಲಿಕ್ಕೆ ಆಗುವುದಿಲ್ಲ. ನೀವು ಹೇಳಿದ ಮೇಲೆ ನಾನು ನಿದ್ದೆಯೇ ಮಾಡ್ಲಿಲ್ಲ ಟೀಚರೇ. ಈಗ ಸಮಾಧಾನ ಆಯ್ತು. ಮದ್ದು ಹಿಡೀತು."

"ಎಷ್ಟುಂಟು ಜ್ವರ?"

"ನೂರಾ ಎರಡು."

"ಆಸ್ಪತ್ರೆಗೆ ಹೇಳಿದ್ಯಾ?"

"ಎಂತಕ್ಕೆ? ಹೇಳಿದ್ರೆ ಇಳಿಸುವ ಮಾತ್ರೆ ಕೊಡ್ತಾರೆ. ಅಷ್ಟು ಕಷ್ಟಪಟ್ಟು ಬಂದದ್ದು." ಅವಳು ನಗಲು ಹೋಗಿ ಕೆಮ್ಮಿದಳು. ಫೋನು ಕಟ್ಟಾಯಿತು.

ಫ್ರಿಜ್ಜಿನ ಮೇಲಿನ ಹಾಳೆಯ ಮೂರನೆಯ ಸಾಲಿಗೆ ವೆಂಕಟಲಕ್ಷ್ಮಿಯೇ ಕೆಂಪು ಗೆರೆ ಎಳೆದಿದ್ದಳು. ಜ್ವರ ನೂರು ದಾಟಿದರೆ ಒಂದು ಗಂಟೆಯೂ ತಡ ಮಾಡದೆ ಬರಬೇಕು. ಮೈಯಲ್ಲಿ ಎದುರಿಸುವ ಶಕ್ತಿ ಇಲ್ಲದಾಗ ಸಣ್ಣ ಸೋಂಕೂ ಪ್ರಾಣಕ್ಕೆ ಬರುತ್ತದೆ. ಅವಳಿಗೆ ಅದು ಬಾಯಿಪಾಠ. ಆದರೂ ಅವಳು ಫೋನನ್ನು ತಲೆದಿಂಬಿನ ಕೆಳಗಿಟ್ಟು ಕಣ್ಣು ಮುಚ್ಚಿದಳು. ಕಿನ್ನಿಯ ಅಕ್ಕ ಅಮ್ಮಣ್ಣಿ ಮನೆಯಲ್ಲಿದ್ದಾಳಲ್ಲ, ನೋಡಿಕೊಳ್ಳುತ್ತಾಳೆ. ನನಗೇ ಏಳಲಿಕ್ಕಾಗುತ್ತಿಲ್ಲ. ಒಂದು ದಿನ ಅವಳೂ ಮಲಗಲಿ, ಒಂದು ದಿನ. ಹೀಗೆ ಒಂದರ ಮೇಲೊಂದು ನೆಪ ಹೇಳಿಕೊಂಡು ಮಲಗಿದಳು. ನಡುವೆ ಎರಡು ಸಲ ವಾಂತಿಯಾಯಿತು. ಎರಡನೆಯ ಸಲ ಬಗ್ಗಿದಾಗ ಹಣೆ ಹಿಡಿಯಲು ಯಾರೂ ಇರಲಿಲ್ಲ. ತಲೆ ಗೋಡೆಗೆ ತಾಗಿತು. ಗೋಡೆ ಹಿಡಿದು ಎದ್ದು ಗಡಿಯಾರ ನೋಡಿದಳು. ಹನ್ನೆರಡಕ್ಕೆ ಐದು ನಿಮಿಷ. ತಲೆದಿಂಬಿನ ಕೆಳಗಿನಿಂದ ಫೋನು ಎಳೆದಳು.

ಕಿನ್ನಿಗೆ ಮಾಡಿದ ಫೋನು ರಿಂಗಾಗಿ ರಿಂಗಾಗಿ ನಿಂತಿತು. ವಾಸಪ್ಪನಿಗೆ ಮಾಡಿದಳು. ಆಸ್ಪತ್ರೆಗೆ ಮಾಡಿದಳು, ಕೂಡಲೇ ಕರೆದುಕೊಂಡು ಬನ್ನಿ ಎಂದರು. ಪ್ಲಾಸ್ಟಿಕ್ ಚೀಲವೊಂದನ್ನು ಕೈಯಲ್ಲಿ ಹಿಡಿದು, ಮಾಸ್ಕ್ ಹಾಕಿ, ಕಾರಿನ ಹಿಂದಿನ ಸೀಟಿನಲ್ಲಿ ಬಿದ್ದುಕೊಂಡು ಬೆಳ್ಳೂರಿಗೆ ಹೊರಟಳು. ದಾರಿಯಲ್ಲಿ ಎರಡು ಕಡೆ ನಿಲ್ಲಿಸಿ ಮನೆ ಕೇಳಬೇಕಾಯಿತು.

ಅಮ್ಮಣ್ಣಿ ಅಂಗಳದಲ್ಲೇ ಸಿಕ್ಕಿದಳು. "ನಾನು ಹೇಳಿ ಹೇಳಿ ಸಾಕಾಯ್ತು, ಹೋಗುವುದೇ ಇಲ್ಲ ಅಂತಾಳೆ. ಟೀಚರ್ ಹೇಳಿದ್ದಾರೆ, ಇದು ಒಳ್ಳೆಯ ಜ್ವರ ಅಂತಾಳೆ."

ಕಿನ್ನಿ ಒಳಗೆ ಚಾಪೆಯ ಮೇಲೆ ಎರಡು ಕಂಬಳಿ ಹೊದ್ದು ಮಲಗಿದ್ದಳು. ತುಟಿ ಬೆಳ್ಳಗಾಗಿತ್ತು. ಇವಳನ್ನು ನೋಡಿ, "ನೀವು ಎಂತಕ್ಕೆ ಬಂದದ್ದು ಈ ಮೈಯಲ್ಲಿ?" ಎಂದಳು.

"ಏಳು. ಆಸ್ಪತ್ರೆಗೆ ಹೋಗುವ."

"ಬೇಡ ಟೀಚರೇ. ಎರಡು ದಿನ ಇರ್ಲಿ. ಚೆನ್ನಾಗಿ ಹಿಡೀಲಿ."

"ಕಿನ್ನೀ, ನಾನು ಹೇಳಿದ್ದು ಸುಳ್ಳು."

ಕಿನ್ನಿಗೆ ಅರ್ಥವಾಗಲಿಲ್ಲ. ವೆಂಕಟಲಕ್ಷ್ಮಿ ಗೋಡೆ ಹಿಡಿದು ಅವಳ ಪಕ್ಕ ಕೂತಳು. "ನಾನು ಎಲ್ಲಿಯೂ ಓದ್ಲಿಲ್ಲ. ನೀನು ಗಟ್ಟಿ ಇದ್ದದ್ದು ನನಗೆ ನೋಡ್ಲಿಕ್ಕಾಗ್ಲಿಲ್ಲ. ನಿನಗೆ ಹೆದರಿಕೆ ಆಗ್ಬೇಕು ಅಂತ ಹೇಳಿದ್ದು. ಇದು ಒಳ್ಳೆಯ ಜ್ವರ ಅಲ್ಲ. ಏಳು ಮಾರಾಯ್ತಿ."

ಕಿನ್ನಿ ಕಂಬಳಿ ಸರಿಸಿದಳು. ಆಮೇಲೆ ಅಕ್ಕನ ಕಡೆ ಕೈ ಚಾಚಿದಳು. ವೆಂಕಟಲಕ್ಷ್ಮಿ ಚಾಚಿದ ಕೈಯನ್ನು ಅವಳು ಹಿಡಿಯಲಿಲ್ಲ.

ಮಂಗಳೂರು ತಲುಪುವಾಗ ಕಿನ್ನಿಯ ಬಿಪಿ ಇಳಿದಿತ್ತು. ಎಲ್ಲರೂ ಓಡಾಡಿದರು, ಅವಳನ್ನು ಬೇರೆ ಕೋಣೆಗೆ ಹಾಕಿದರು. ಸಂಜೆ ಹೊರಗೆ ಬಂದ ಡಾಕ್ಟರಮ್ಮ ಕೇಳಿದರು: "ಇಷ್ಟು ಹೊತ್ತು ಯಾಕೆ ಬಿಟ್ರಿ? ಜ್ವರ ಒಳ್ಳೆಯದು ಅಂತ ಇವರಿಗೆ ಹೇಳಿದವರು ಯಾರು?"

"ನಾನು" ಎಂದಳು ವೆಂಕಟಲಕ್ಷ್ಮಿ.

ಡಾಕ್ಟರಮ್ಮ ಅವಳನ್ನೂ ಅವಳ ಕೈಯಲ್ಲಿದ್ದ ವಾಂತಿಯ ಚೀಲವನ್ನೂ ನೋಡಿದರು. ಬೈಯಲು ಹೊರಟವರು ಬೈಯಲಿಲ್ಲ. ಕುರ್ಚಿ ತೋರಿಸಿ ಕೂರಿಸಿದರು. "ಕೆಲವರಿಗೆ ಹೆಚ್ಚು ಕಷ್ಟ ಆಗ್ತದೆ, ಕೆಲವರಿಗೆ ಆಗುವುದಿಲ್ಲ. ಅದಕ್ಕೂ ಗಂಟು ಕರಗುವುದಕ್ಕೂ ಸಂಬಂಧ ಇಲ್ಲ. ನಿಮಗೆ ಹೀಗೆ ವಾಂತಿ ಆಗ್ತಾ ಉಂಟು ಅಂತ ನೀವು ಹೇಳ್ಲೇ ಇಲ್ಲ ಅಲ್ಲ? ಅದಕ್ಕೆ ಬೇರೆ ಮಾತ್ರೆ ಉಂಟು. ಸುಮ್ಮನೆ ಯಾಕೆ ಸಹಿಸ್ಕೊಂಡಿರಿ?"

ಎರಡು ತಿಂಗಳ ಹುಣ್ಣು, ಉರಿ, ವಾಂತಿ ಎಲ್ಲವನ್ನೂ ವೆಂಕಟಲಕ್ಷ್ಮಿ ಕಂತಿನ ಹಾಗೆ ಎಲ್ಲಿಗೋ ಕಟ್ಟುತ್ತಿದ್ದೇನೆ ಎಂದುಕೊಂಡಿದ್ದಳು. ಅದಕ್ಕೆ ಪ್ರತಿಯಾಗಿ ಏನೂ ಬರಬೇಕಾದ್ದಿರಲಿಲ್ಲ. ಕಿನ್ನಿಗೆ ಹೇಳಿದ ಸುಳ್ಳು ಹೋದಾಗ ಅವಳ ಕೈಯಲ್ಲಿದ್ದ ಒಂದೇ ಧೈರ್ಯವೂ ಹೋಯಿತು. ಆ ಕುರ್ಚಿಯಲ್ಲಿ ಕೂತು ಅವಳು ಅತ್ತದ್ದು ಯಾರಿಗಾಗಿ ಎಂದು ಕೇಳಿದ್ದರೆ ಅವಳಿಗೇ ಹೇಳಲಾಗುತ್ತಿರಲಿಲ್ಲ.

ಕಿನ್ನಿ ಆರನೆಯ ದಿನ ಮನೆಗೆ ಬಂದಳು. ಅವಳ ನಾಲ್ಕನೆಯ ಮದ್ದು ಎರಡು ವಾರ ಮುಂದಕ್ಕೆ ಹೋಯಿತು. ವೆಂಕಟಲಕ್ಷ್ಮಿ ಹೊಸ ಮಾತ್ರೆಯಿಂದ ಸ್ವಲ್ಪ ಚೇತರಿಸಿ, ಒಂದು ಮಧ್ಯಾಹ್ನ ಮುಸುಂಬಿ ತೆಗೆದುಕೊಂಡು ಬೆಳ್ಳೂರಿಗೆ ಹೋದಳು. ಹೇಳಲು ಇನ್ನೂ ಒಂದು ಉಳಿದಿತ್ತು.

"ನೀನು ಫೋನು ಮಾಡಿದ್ದು ಹತ್ತು ಗಂಟೆಗೆ. ನಾನು ಎದ್ದದ್ದು ಹನ್ನೆರಡಕ್ಕೆ. ನಡುವೆ ನನಗೆ ಎಲ್ಲ ಗೊತ್ತಿತ್ತು."

ಕಿನ್ನಿ ತೆಳ್ಳಗಾಗಿದ್ದಳು. ಕೈಯಲ್ಲಿದ್ದ ಬಟ್ಟೆಗೆ ಗುಂಡಿ ಹಚ್ಚುತ್ತಿದ್ದವಳು ನಿಲ್ಲಿಸಿದಳು. "ಎರಡು ಗಂಟೆ?"

"ಹೌದು."

"ನನ್ನ ಗಂಡ ಅಲ್ಲಿಂದ ರಜೆ ಕೇಳ್ಲಿಕ್ಕೆ ಹೊರಟಿದ್ರು, ಕೊನೆಗೆ ನೋಡ್ಲಿಕ್ಕಾದ್ರೂ ಸಿಗ್ತಾಳಾ ಅಂತ. ಗೊತ್ತುಂಟಾ ನಿಮಗೆ?" ಅವಳ ದನಿ ಏರಲಿಲ್ಲ. "ನನ್ನ ಹತ್ರ ಎಂತ ಉಂಟು ಅಂತ ಟೀಚರೇ ನಿಮಗೆ ಹೊಟ್ಟೆಕಿಚ್ಚು? ನನಗೂ ಅದೇ ಕಾಯಿಲೆ ಅಲ್ವಾ? ಹೋಗಿ. ನೀವು ಹೋಗಿ."

ಮುಸುಂಬಿಯ ಚೀಲವನ್ನೂ ತೆಗೆದುಕೊಂಡು ಹೋಗಲು ಹೇಳಿದಳು. ವೆಂಕಟಲಕ್ಷ್ಮಿ ತೆಗೆದುಕೊಂಡು ಹೋದಳು.

ಅಲ್ಲಿಂದ ಮುಂದೆ ಕಿನ್ನಿ ಅಕ್ಕನ ಜೊತೆ ಬಸ್ಸಿನಲ್ಲಿ ಮಂಗಳೂರಿಗೆ ಹೋಗುತ್ತಿದ್ದಳು. ಒಂದು ಸಲ ವಾಸಪ್ಪನ ಕಾರು ಸೀತಾಂಗೋಳಿಯಲ್ಲಿ ಮಂಗಳೂರಿನ ಬಸ್ಸೊಂದನ್ನು ಹಿಂದೆ ಹಾಕಿತು. ಕಿಟಕಿಯ ಹತ್ತಿರ ಮಾಸ್ಕ್ ಹಾಕಿದ ಮುಖವಿತ್ತು; ಅದು ಅವಳೇ ಹೌದೋ ಅಲ್ಲವೋ ಎಂದು ನೋಡುವ ಮೊದಲೇ ಕಾರು ಮುಂದೆ ಹೋಯಿತು. ಕಾರಿನ ಸೀಟು ವೆಂಕಟಲಕ್ಷ್ಮಿಗೆ ಬಹಳ ಅಗಲವಾಗಿ ಕಂಡಿತು.

ಏಪ್ರಿಲಿನಲ್ಲಿ ಸ್ಕ್ಯಾನ್ ಆಯಿತು. ವೆಂಕಟಲಕ್ಷ್ಮಿಯ ಗಂಟು ನಾಲ್ಕು ಸೆಂಟಿಮೀಟರಿನಿಂದ ಮೂರೂಕಾಲಕ್ಕೆ ಇಳಿದಿತ್ತು. "ಇಳಿದಿದೆ, ಆದರೆ ನಾವು ಎಣಿಸಿದಷ್ಟು ಇಲ್ಲ" ಎಂದರು ಡಾಕ್ಟರಮ್ಮ. ಇನ್ನು ಬೇರೆ ಮದ್ದು, ವಾರಕ್ಕೊಮ್ಮೆ, ಹನ್ನೆರಡು ವಾರ. ಅದು ಹಿಡಿಯುತ್ತದೆಯೇ ಎಂದು ಕೇಳಿದ್ದಕ್ಕೆ ಅವರು, "ನೋಡುವ" ಎಂದರು. ಆ ಮಾತಿನಲ್ಲಿ ಹೆದರಿಸುವುದೂ ಇರಲಿಲ್ಲ, ಮುಚ್ಚಿಡುವುದೂ ಇರಲಿಲ್ಲ. ಅವರಿಗೂ ಗೊತ್ತಿರಲಿಲ್ಲ, ಅಷ್ಟೆ.

ಹೊಸ ಮದ್ದಿನ ಮೂರನೆಯ ವಾರ, ರಕ್ತಪರೀಕ್ಷೆಯ ಸಾಲಿನಲ್ಲಿ ಕಿನ್ನಿ ಅವಳಿಗಿಂತ ಇಬ್ಬರು ಮುಂದೆ ನಿಂತಿದ್ದಳು. ತಲೆಯ ಮೇಲೆ ಕೂದಲು ನೊಣದ ಕಾಲಿನಷ್ಟು ಹುಟ್ಟಿತ್ತು. ತಿರುಗಿ ನೋಡಿದಳು. ಇನ್ನು ಮುಖ ತಿರುಗಿಸುತ್ತಾಳೆ ಎಂದುಕೊಳ್ಳುವಷ್ಟರಲ್ಲಿ ನಡುವಿನ ಇಬ್ಬರನ್ನು ಮುಂದೆ ಬಿಟ್ಟು ಹಿಂದಕ್ಕೆ ಬಂದು ನಿಂತಳು.

"ನಿಮ್ಮದು ಎಷ್ಟಾಯ್ತು ಟೀಚರೇ?"

"ಮೂರೂಕಾಲು. ನಿನ್ನದು?"

ಕಿನ್ನಿ ಸ್ವಲ್ಪ ಹಿಂಜರಿದಳು. "ಒಂದು. ಒಂದಕ್ಕಿಂತಲೂ ಚಿಕ್ಕದಂತೆ. ಕೈಗೆ ಸಿಗುವುದಿಲ್ಲ."

ಸಂತೋಷ ಆಯ್ತು ಕಿನ್ನಿ ಎಂಬ ಮಾತು ವೆಂಕಟಲಕ್ಷ್ಮಿಯ ನಾಲಿಗೆಯ ತುದಿಯವರೆಗೆ ಬಂತು. ಅದು ಪೂರಾ ಸುಳ್ಳೂ ಆಗುತ್ತಿರಲಿಲ್ಲ. ಆದರೆ ಅವಳು ಹೇಳಿದ್ದು ಬೇರೆ.

"ನನಗೆ ಹೊಟ್ಟೆಕಿಚ್ಚಾಗ್ತಾ ಉಂಟು."

ಮುಂದಿದ್ದವರು ತಿರುಗಿ ನೋಡಿದರು. ಕಿನ್ನಿ ಮಾಸ್ಕಿನ ಮೇಲಿಂದ ಅವಳನ್ನು ದಿಟ್ಟಿಸಿದಳು. ಕಣ್ಣಿನ ಬದಿಯಲ್ಲಿ ನೆರಿಗೆ ಮೂಡಿತು. ನಗುವೋ ಸಿಟ್ಟೋ ಮಾಸ್ಕಿನಿಂದಾಗಿ ತಿಳಿಯಲಿಲ್ಲ.

"ಪಡಿ. ಎಷ್ಟು ಬೇಕಾದ್ರೂ ಪಡಿ" ಎಂದಳು. "ನನಗೆ ಪಾಠ ಹೇಳ್ಲಿಕ್ಕೆ ಮಾತ್ರ ಬರ್ಬೇಡಿ."

"ಇಲ್ಲ."

"ನನಗೆ ಇನ್ನೂ ಸಿಟ್ಟುಂಟು ನಿಮ್ಮ ಮೇಲೆ."

"ಗೊತ್ತುಂಟು."

ಒಳಗೆ ಅವತ್ತು ಜನ ಹೆಚ್ಚಿದ್ದರಿಂದ ಸಿಸ್ಟರು ಇಬ್ಬರಿಗೂ ಅಕ್ಕಪಕ್ಕದ ಕುರ್ಚಿ ಕೊಟ್ಟರು. ಕಿನ್ನಿಯ ನರ ಮೊದಲ ಸೂಜಿಗೇ ಸಿಕ್ಕಿತು. ವೆಂಕಟಲಕ್ಷ್ಮಿಯ ಕೈಯಲ್ಲಿ ಸಿಸ್ಟರು ಎರಡು ಕಡೆ ಚುಚ್ಚಿ, ಮೂರನೆಯ ಕಡೆ ಹುಡುಕತೊಡಗಿದರು. ಅವಳು ಹಲ್ಲು ಕಚ್ಚಿ ಪಕ್ಕದ ಕೈಯನ್ನೇ ನೋಡುತ್ತಿದ್ದಳು, ಹಸಿರು ನರ ಎದ್ದು ಕಾಣುವ, ಕತ್ತರಿ ಹಿಡಿದು ಗಟ್ಟಿಯಾದ ಆ ಕೈಯನ್ನು.

"ಟೀಚರೇ, ಈಚೆ ನೋಡ್ಬೇಡಿ" ಎಂದಳು ಕಿನ್ನಿ, ಇನ್ನೊಂದು ಕೈಯಿಂದ ಸೆರಗೆಳೆದು ಅದನ್ನು ಮುಚ್ಚುತ್ತ. "ನಿಮ್ಮ ಕಣ್ಣು ಬಿದ್ದು ಬರುವ ಸಲ ನನ್ನ ನರವೂ ಸಿಗದ ಹಾಗೆ ಆದೀತು."

ವೆಂಕಟಲಕ್ಷ್ಮಿಗೆ ನಗು ಬಂತು. ಕೈ ಅಲುಗಿತು. ಅಲುಗಬೇಡಿ ಎಂದು ಸಿಸ್ಟರು ಗದರಿದರು.